ಹಾಲ್ ಹೊರಗಿನ ಕುರ್ಚಿ

ಮಧ್ಯಾಹ್ನ ಮೂರು ಗಂಟೆಗೆ ತೀರ್ಪುಗಾರರು ಮೈಕಿನಲ್ಲಿ ಒಂದೇ ಮಾತು ಹೇಳಿದರು: ಗಡಿಯಾರ ಶುರು ಮಾಡಿ. ಕರಿಕಾಯಿ ಹಿಡಿದವರೆಲ್ಲ ಒಟ್ಟಿಗೆ ಗುಂಡಿ ಒತ್ತಿದರು. ಅಲ್ಲಿಯವರೆಗೆ ಸಂತೆಯಂತಿದ್ದ ಹಾಲ್ ಒಂದೇ ಏಟಿಗೆ ಮೌನವಾಯಿತು. ಮರುಕ್ಷಣ ನಮ್ಮನ್ನು, ಅಂದರೆ ಅಪ್ಪ, ಅಮ್ಮ, ಅಜ್ಜಿ, ಮಾವ, ದೊಡ್ಡಮ್ಮ ಎಂದು ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಶಿಪ್ಪನ್ನು ನಾನು ನೋಡಿದ್ದು ಆ ಕುರ್ಚಿಯಿಂದ. ನಿಜವಾಗಿ ನೋಡಿದ್ದು ಆಟವನ್ನಲ್ಲ, ಬಾಗಿಲನ್ನು.

ಒಳಗಿದ್ದವಳು ನನ್ನ ತಂಗಿಯ ಮಗಳು. ಆಗ ಒಂಬತ್ತನೇ ತರಗತಿ. ನಮ್ಮ ಮನೆ ಅಂಜನಾಪುರದಲ್ಲಿ, ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವಿನ ಬಿಡಿಎ ಬಡಾವಣೆಯಲ್ಲಿ. ತಂಗಿಗೆ ಕೆಲಸ, ಅವಳ ಗಂಡನಿಗೆ ಪಾಳಿ. ಮೇಷ್ಟ್ರ ಕೆಲಸದಿಂದ ನಿವೃತ್ತಳಾದ ನನಗೆ ಮಾತ್ರ ಹಗಲು ಖಾಲಿ. ಹೀಗಾಗಿ ಆರು ವರ್ಷದಿಂದ ಅವಳ ಜೊತೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. 2021ರ ಜನವರಿಯಲ್ಲಿ ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಈ ಓಡಾಟ ಹಗುರವಾಯಿತು. ಆಟೊ ಹಿಡಿದು ವಜರಹಳ್ಳಿ ಸ್ಟೇಷನ್ನಿಗೆ ಹೋದರೆ ಭಾನುವಾರ ಬೆಳಗಿನ ಟೂರ್ನಮೆಂಟು ನಗರದ ಯಾವ ಮೂಲೆಯಲ್ಲಿದ್ದರೂ ತಲುಪಬಹುದು. ಅದಕ್ಕೂ ಮುಂಚೆ ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತ ಹೋಗುತ್ತಿದ್ದಳು, ಬೋರ್ಡಿನ ಸುರುಳಿ ನನ್ನ ಕಂಕುಳಲ್ಲಿ.

ನನಗೆ ಚದುರಂಗ ಬರುತ್ತದೆ, ಆದರೆ ಅಪ್ಪ ಕಲಿಸಿದ ಚದುರಂಗ. ಅದರಲ್ಲಿ ರಾಜನ ಪಕ್ಕ ನಿಲ್ಲುವವನು ಮಂತ್ರಿ. ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಆಮೇಲೆ ಒಂಟೆ. ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಚೆಕ್ ಬೀಳುವ ತನಕ ರಾಜನಿಗೆ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕಿತ್ತು. ಅವಳಿಗೆ ಇದೆಲ್ಲ ಹೇಳಿದರೆ ನಗುತ್ತಾಳೆ. "ದೊಡ್ಡಮ್ಮ, ಮಂತ್ರಿ ಅಲ್ಲ, ಕ್ವೀನ್." ಯುರೋಪಿನಲ್ಲಿ ಮಂತ್ರಿ ರಾಣಿಯಾಗಿ, 15ನೇ ಶತಮಾನದ ಕೊನೆಗೆ ಬೋರ್ಡಿನ ಅತಿ ಬಲದ ಕಾಯಿಯಾಯಿತು. ನಮ್ಮ ಜಗಲಿಗಳಲ್ಲಿ ಅದು ಮಂತ್ರಿಯಾಗಿಯೇ ಉಳಿಯಿತು, ಆಡುವವರೂ ಹೆಚ್ಚಾಗಿ ಗಂಡಸರೇ ಆಗಿ ಉಳಿದರು. ಚದುರಂಗಕ್ಕೆ ನಮ್ಮ ನಾಡಿನಲ್ಲಿ ಅರಮನೆಯ ಗೌರವ ಇದ್ದದ್ದೇನೋ ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಕುದುರೆ ಒಂದು ಮನೆಯನ್ನೂ ಎರಡು ಸಲ ತುಳಿಯದೆ 64 ಮನೆ ಸುತ್ತಿ ಬರುವ ಬಂಧಗಳನ್ನು ಸ್ವತಃ ಕಟ್ಟಿದರು. ಆದರೆ ಹೆಣ್ಣುಮಗಳೊಬ್ಬಳು ಗಡಿಯಾರದ ಎದುರು ಕೂತು ಪದವಿಗಾಗಿ ಆಡುವುದು ನಮ್ಮಲ್ಲಿ ತೀರಾ ಈಚಿನ ಕಥೆ.

ಈಚಿನದು ಎಂದರೆ ಎಷ್ಟು ಈಚಿನದು? ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಂಧ್ರದ ಏಲೂರಿನಲ್ಲಿ ನಡೆದದ್ದು 1955ರಲ್ಲಿ. ಮಹಿಳೆಯರಿಗೆ ಅಂಥದ್ದೊಂದು ಬೇಕು ಎಂದು ಅನ್ನಿಸಲು ಮತ್ತೆ 19 ವರ್ಷ ಹಿಡಿಯಿತು. ಆ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಇದನ್ನು ಬೆಂಗಳೂರಿನ ಚೆಸ್ ತರಗತಿಗಳಲ್ಲಿ ಎಷ್ಟು ಜನ ಮಕ್ಕಳಿಗೆ ಹೇಳಿದ್ದಾರೋ ಕಾಣೆ. ನನಗೆ ತಿಳಿದದ್ದು ಬೇರೆ ರಾಜ್ಯದ ಶಾಮಿಯಾನದ ಕೆಳಗೆ, ಪಕ್ಕದ ಕುರ್ಚಿಯ ಮರಾಠಿ ಹೆಂಗಸಿನಿಂದ. "ನಿಮ್ಮ ಊರಲ್ಲೇ ಅಲ್ಲವೇ ನಮ್ಮ ವಾಸಂತಿ ಮೊದಲು ಗೆದ್ದದ್ದು?" ಎಂದರು. ಊರು ನನ್ನದು, ಗೊತ್ತಿದ್ದದ್ದು ಅವರಿಗೆ.

ವಾಸಂತಿ ಎಂದರೆ ವಾಸಂತಿ ಖಾಡಿಲ್ಕರ್. ಮುಂಬೈಯ 'ನವಾಕಾಳ' ಪತ್ರಿಕೆಯ ಸಂಪಾದಕ ನೀಲಕಂಠ ಖಾಡಿಲ್ಕರ್ ಅವರ ಮಗಳು. ಬೆಂಗಳೂರಿನಲ್ಲಿ ಗೆದ್ದಾಗ ಇನ್ನೂ ಶಾಲೆಯ ವಯಸ್ಸು. ಮರುವರ್ಷ ಅವಳ ತಂಗಿ ಜಯಶ್ರೀ ಗೆದ್ದಳು. 1976ರಲ್ಲಿ ಇನ್ನೊಬ್ಬ ತಂಗಿ ರೋಹಿಣಿ, ಆಗ ಅವಳಿಗೆ 13 ವರ್ಷ. ಮೂವರು ಅಕ್ಕತಂಗಿಯರು ಸುಮಾರು ಹತ್ತು ವರ್ಷ ಈ ಪದವಿಯನ್ನು ಹೆಚ್ಚುಕಡಿಮೆ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ರೋಹಿಣಿಯೊಬ್ಬಳೇ ಐದು ಸಲ ಗೆದ್ದಳು. ಜಯಶ್ರೀ 1979ರಲ್ಲಿ ದೇಶದ ಮೊದಲ ವುಮನ್ ಇಂಟರ್‌ನ್ಯಾಷನಲ್ ಮಾಸ್ಟರ್ ಆದಳು.

ಆ 1976ರಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ನಾನು ಪ್ರತಿ ಹೆಣ್ಣುಮಗುವಿಗೂ ಹೇಳುತ್ತೇನೆ. ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಕೂತಳು. ಗಲಾಟೆ ಎದ್ದಿತು. ವಿಷಯ ಹೈಕೋರ್ಟಿನವರೆಗೆ ಹೋಯಿತು, ಅಲ್ಲಿ ಅವಳಿಗೆ ಜಯವಾಯಿತು. ವಿಶ್ವ ಚೆಸ್ ಸಂಸ್ಥೆಯ ಆಗಿನ ಅಧ್ಯಕ್ಷರು ಮ್ಯಾಕ್ಸ್ ಯೂವೆ, ತಾವೇ ಹಿಂದೆ ವಿಶ್ವ ಚಾಂಪಿಯನ್ ಆಗಿದ್ದವರು. ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಂದ ಹೆಣ್ಣುಮಕ್ಕಳನ್ನು ದೂರ ಇಡುವಂತಿಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಹದಿಮೂರರ ಹುಡುಗಿ ಕೂತ ಒಂದು ಕುರ್ಚಿಯಿಂದ ಪ್ರಪಂಚದ ನಿಯಮ ತಿಳಿಯಾಯಿತು.

ಮೂವರು ಅಕ್ಕತಂಗಿಯರಿದ್ದದ್ದು ಆಟಕ್ಕೆ ಎಷ್ಟು ಅನುಕೂಲವಾಗಿರಬೇಕು ಎಂದು ಆ ಶಾಮಿಯಾನದ ಕೆಳಗೆ ಯೋಚಿಸಿದೆ. ಅಭ್ಯಾಸಕ್ಕೆ ಎದುರಾಳಿ ಮನೆಯಲ್ಲೇ. ಪ್ರಯಾಣಕ್ಕೆ ಜೊತೆ ಮನೆಯಿಂದಲೇ. ಹೆಣ್ಣುಮಕ್ಕಳ ಚೆಸ್ ಚರಿತ್ರೆಯನ್ನು ಯಾವ ತುದಿಯಿಂದ ಎಳೆದರೂ ಕೊನೆಗೆ ಕೈಗೆ ಸಿಗುವುದು ಜೊತೆಗೆ ಹೋದವರು. ಎಸ್. ವಿಜಯಲಕ್ಷ್ಮಿ ರಾಷ್ಟ್ರೀಯ ಮಹಿಳಾ ಪದವಿಯನ್ನು ಆರು ಸಲ ಗೆದ್ದವರು, ಭಾರತದ ಮೊದಲ ವುಮನ್ ಗ್ರ್ಯಾಂಡ್‌ಮಾಸ್ಟರ್. ಅವರ ತಂಗಿಯರಾದ ಮೀನಾಕ್ಷಿ, ಭಾನುಪ್ರಿಯಾ ಕೂಡ ಆಟಗಾರ್ತಿಯರೇ, ಅಪ್ಪನೇ ಗುರು. ಕೊನೇರು ಹಂಪಿಯ ತಂದೆ ಅಶೋಕ್ ರಸಾಯನಶಾಸ್ತ್ರ ಕಲಿಸುವ ಕೆಲಸ ಬಿಟ್ಟು ಮಗಳ ತರಬೇತಿಗೆ ನಿಂತರು. (ಆ ಹೆಸರು ನಮ್ಮ ತುಂಗಭದ್ರೆಯ ಹಂಪಿಯಿಂದ ಬಂದದ್ದಲ್ಲ, 'ಚಾಂಪಿಯನ್' ಎಂಬ ಮಾತಿನಿಂದ ಹುಟ್ಟಿದ್ದಂತೆ. ಕೇಳಿದಾಗ ನನಗೆ ಸ್ವಲ್ಪ ಬೇಜಾರಾಯಿತು.) ಹಂಪಿ 2002ರಲ್ಲಿ 15 ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದಾಗ ಈ ಪಟ್ಟ ಪಡೆದ ಅತಿ ಕಿರಿಯ ಹೆಣ್ಣುಮಗಳು ಎಂದು ಜೂಡಿತ್ ಪೋಲ್ಗಾರ್ ಹೆಸರಲ್ಲಿದ್ದ ದಾಖಲೆ ಮುರಿಯಿತು. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಪ್ರಜ್ಞಾನಂದನ ಪಕ್ಕ ನಿಂತು ಮಗನನ್ನೇ ನೋಡುತ್ತಿದ್ದ ತಾಯಿ ನಾಗಲಕ್ಷ್ಮಿಯವರ ಚಿತ್ರ ದೇಶವೆಲ್ಲ ಹರಿದಾಡಿತು. ಅವರು ಪ್ರಜ್ಞಾನಂದನ ಅಕ್ಕ ವೈಶಾಲಿಯ ತಾಯಿಯೂ ಹೌದು. ಅದೇ ವರ್ಷ ವೈಶಾಲಿ ಗ್ರ್ಯಾಂಡ್‌ಮಾಸ್ಟರ್ ಆದಳು. 2025ರ ಜುಲೈ 28ರಂದು ಬಟುಮಿಯಲ್ಲಿ ಹಂಪಿಯನ್ನು ಟೈಬ್ರೇಕ್‌ನಲ್ಲಿ ಸೋಲಿಸಿ 19 ವರ್ಷದ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದಳು. ಬೋರ್ಡಿನಿಂದ ಎದ್ದವಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ಆ ಒಂದು ಗೆಲುವಿನಿಂದಲೇ ಅವಳು ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದಳು. ಮಹಿಳೆಯರಿಗೆಂದೇ ಇರುವ ವುಮನ್ ಗ್ರ್ಯಾಂಡ್‌ಮಾಸ್ಟರ್ ಪದವಿ ಬೇರೆ; ಈ 88 ಜನರಲ್ಲಿ ಹೆಣ್ಣುಮಕ್ಕಳು ನಾಲ್ವರು: ಹಂಪಿ, ದ್ರೋಣವಲ್ಲಿ ಹಾರಿಕಾ, ವೈಶಾಲಿ, ದಿವ್ಯಾ.

ಈ ದಿವ್ಯಾ 2022ರಲ್ಲಿ ಭುವನೇಶ್ವರದಲ್ಲಿ, ಮತ್ತೆ ಅದೇ ವರ್ಷದ ಕೊನೆಗೆ ಕೊಲ್ಲಾಪುರದಲ್ಲಿ ಇದೇ ರಾಷ್ಟ್ರೀಯ ಮಹಿಳಾ ಪದವಿ ಗೆದ್ದಿದ್ದಳು. ನಮ್ಮ ಹುಡುಗಿ ಕೂತಂಥದೇ ಮೇಜು, ಅಂಥದೇ ಗಡಿಯಾರ. ವಿಶ್ವಕಪ್ಪಿನ ದಾರಿ ಇಂಥ ಹಾಲ್‌ಗಳ ಮೂಲಕವೇ ಹೋಗುತ್ತದೆ.

ಆ ದಿನದ ಆಟಕ್ಕೆ ಬರುತ್ತೇನೆ. ಹನ್ನೊಂದು ಸುತ್ತಿನಲ್ಲಿ ಅದು ಆರನೆಯದು. ಸ್ವಿಸ್ ಪದ್ಧತಿಯಲ್ಲಿ ಸರಿಸಮ ಅಂಕ ಇರುವವರನ್ನು ಜೋಡಿ ಮಾಡುತ್ತಾರೆ. ಹಾಗಾಗಿ ಗೆದ್ದಷ್ಟೂ ಗಟ್ಟಿ ಎದುರಾಳಿ ಸಿಗುತ್ತಾಳೆ. ಹಿಂದಿನ ರಾತ್ರಿ ಪೇರಿಂಗ್ ಬಂದಾಗ ನೋಡಿದರೆ ನಮ್ಮವಳ ರೇಟಿಂಗ್ 1650, ಎದುರಾಳಿಯದು 1900. ಎದುರಾಳಿ ಉದ್ಯೋಗದಲ್ಲಿರುವ ಹೆಂಗಸು, ನನ್ನ ತಂಗಿಯ ವಯಸ್ಸಿನವರು. ಈ ಚಾಂಪಿಯನ್‌ಶಿಪ್‌ನ ಸೊಗಸೇ ಅದು. ಇಲ್ಲಿ ವಯಸ್ಸಿನ ಬೇಲಿ ಇಲ್ಲ. ನಾಲ್ಕನೇ ತರಗತಿಯ ಮಗು ಕುರ್ಚಿಗೆ ದಿಂಬು ಹಾಕಿಕೊಂಡು ಕೂತಿರುತ್ತದೆ, ಎದುರಿಗೆ ಎರಡು ಮಕ್ಕಳ ತಾಯಿ.

ಕಾಲಮಿತಿ ಒಬ್ಬೊಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರಿಸುತ್ತಾರೆ. ಇಬ್ಬರೂ ಪ್ರತಿ ನಡೆಯನ್ನು ಬರೆದುಕೊಳ್ಳಬೇಕು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮೊಬೈಲ್ ಹತ್ತಿರ ಇದ್ದರೆ ಆಟ ಹೋಯಿತು. ನೂರು ನಡೆಯ ಆಟವೆಂದರೆ ಹತ್ತಿರ ಹತ್ತಿರ ಐದು ಗಂಟೆ. ಐದು ಗಂಟೆ ಹದಿನಾಲ್ಕು ವರ್ಷದ ಹುಡುಗಿ ಒಬ್ಬಳೇ, ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ತೀರ್ಮಾನ ತೆಗೆದುಕೊಳ್ಳುತ್ತ ಹೋಗಬೇಕು. ಬೇರೆ ಯಾವ ಕಡೆ ನಾವು ಹೆಣ್ಣುಮಕ್ಕಳಿಗೆ ಇದನ್ನು ಬಿಟ್ಟುಕೊಡುತ್ತೇವೆ? ಉಡುವ ಬಟ್ಟೆಯಿಂದ ಓದುವ ವಿಷಯದವರೆಗೆ ಪ್ರತಿಯೊಂದಕ್ಕೂ ಮನೆಯ ನಾಲ್ಕು ತಲೆಗಳು ಬಗ್ಗಿ ನೋಡುತ್ತವೆ. ನನಗೆ ಚೆಸ್ ಮೇಲೆ ಪ್ರೀತಿ ಬಂದದ್ದು ಈ ಕಾರಣಕ್ಕೆ. ಆ ಮುಚ್ಚಿದ ಬಾಗಿಲಿನ ಆಚೆಗೆ ಅವಳ ನಿರ್ಧಾರ ಅವಳದೇ. ಸೋತರೂ ಅವಳದೇ.

ಐದು ಗಂಟೆಯ ಹೊತ್ತಿಗೆ ಮೊದಲ ಹುಡುಗಿಯರು ಹೊರಬಂದರು. ಹೊರಬರುವವರ ಮುಖ ನೋಡಿದರೆ ಫಲಿತಾಂಶ ಗೊತ್ತಾಗುತ್ತದೆ. ಗೆದ್ದವಳು ಅಮ್ಮನ ಕಡೆ ನೇರ ಬರುತ್ತಾಳೆ, ಸೋತವಳು ನೀರಿನ ಕ್ಯಾನಿನ ಕಡೆ ಹೋಗುತ್ತಾಳೆ. ನೀರಿನ ಹತ್ತಿರ ಒಬ್ಬ ಹುಡುಗಿ ಬೆನ್ನು ತಿರುಗಿಸಿ ನಿಂತು ತುಂಬಾ ಹೊತ್ತು ನೀರು ಕುಡಿದಳು. ಅವಳ ಅಪ್ಪ ದೂರದಲ್ಲೇ ಕಾದರು, ಹತ್ತಿರ ಹೋಗಲಿಲ್ಲ. ಆತನಿಗೆ ಆ ವಿದ್ಯೆ ಗೊತ್ತಿತ್ತು. ನನಗೆ ಅದನ್ನು ಕಲಿಯಲು ಎರಡು ವರ್ಷ ಬೇಕಾಯಿತು. ಮೊದಮೊದಲು ಸೋತು ಬಂದವಳನ್ನು "ಯಾಕಮ್ಮ, ಎಲ್ಲಿ ತಪ್ಪಿದೆ?" ಎಂದು ಕೇಳಿ ಅಳಿಸಿದ್ದೇನೆ.

ಆರೂವರೆಗೆ ಶಾಮಿಯಾನ ಖಾಲಿಯಾಯಿತು. ದೀಪ ಹಾಕಿದರು. ಒಳಗೆ ನಾಲ್ಕೈದು ಬೋರ್ಡು ಉಳಿದಿರಬೇಕು. ಏಳಾಯಿತು. ಏಳೂವರೆ ದಾಟಿದ ಮೇಲೆ ಬಾಗಿಲು ತೆರೆಯಿತು. ನಮ್ಮವಳು ನನ್ನ ಕಡೆಗೂ ಬರಲಿಲ್ಲ, ನೀರಿನ ಕಡೆಗೂ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಎದುರಾಳಿಯ ಜೊತೆ ಕೈಯಲ್ಲಿ ಗಾಳಿಯಲ್ಲೇ ಕಾಯಿ ನಡೆಸುತ್ತ ಮಾತಾಡುತ್ತಿದ್ದಳು.

ಊಟ ಮಾಡುತ್ತ ಪೂರ್ತಿ ಕಥೆ ಹೇಳಿದಳು. ಮೂವತ್ತನೇ ನಡೆಯ ಹತ್ತಿರ ಒಂದು ಪದಾತಿ ಕಳೆದುಕೊಂಡಿದ್ದಾಳೆ. ಆಮೇಲೆ ಮಂತ್ರಿ, ಒಂಟೆ, ಕುದುರೆ ಎಲ್ಲ ಬಿದ್ದು ಕೊನೆಗೆ ಉಳಿದದ್ದು ಇಬ್ಬರ ರಾಜ, ಇಬ್ಬರ ಒಂದೊಂದು ಆನೆ, ಎದುರಾಳಿಯ ಒಂದೇ ಒಂದು ಪದಾತಿ. ಆ ಪದಾತಿ ಕೊನೆ ಮನೆ ಮುಟ್ಟಿದರೆ ಮಂತ್ರಿಯಾಗುತ್ತದೆ, ಮುಗಿಯಿತು. ಅವಳ ಗಡಿಯಾರದಲ್ಲಿ ಉಳಿದದ್ದು ಒಂದು ನಿಮಿಷ, ಜೊತೆಗೆ ಪ್ರತಿ ನಡೆಯ ಆ 30 ಸೆಕೆಂಡು.

"ಆಗ ಏನು ಮಾಡಿದೆ?"

"ಫಿಲಿಡೋರ್ ನೆನಪಾಯ್ತು ದೊಡ್ಡಮ್ಮ. ಆನೇನ ಮೂರನೇ ಸಾಲಲ್ಲಿ ಇಟ್ಟು ಸುಮ್ನೆ ಕೂತೆ."

ಫಿಲಿಡೋರ್ 18ನೇ ಶತಮಾನದ ಫ್ರಾನ್ಸಿನ ಸಂಗೀತಗಾರ, ಆ ಕಾಲದ ದೊಡ್ಡ ಚೆಸ್ ಆಟಗಾರ. ಅವನು ತೋರಿಸಿಕೊಟ್ಟ ರಕ್ಷಣೆ ಹೀಗೆ. ನಿಮ್ಮ ರಾಜ ಆ ಪದಾತಿಯ ದಾರಿಗೆ ಅಡ್ಡವಾಗಿ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ಆನೆ ನಿಮ್ಮ ಕಡೆಯಿಂದ ಮೂರನೇ ಸಾಲನ್ನು ಕಾಯಬೇಕು, ಆಗ ಎದುರಾಳಿಯ ರಾಜ ಒಳಗೆ ನುಗ್ಗಲಾರ. ಆನೆಯನ್ನು ಆ ಸಾಲಿನಲ್ಲೇ ಅತ್ತಿತ್ತ ಆಡಿಸುತ್ತಿರಬೇಕು, ಬೇರೇನೂ ಮಾಡಬಾರದು. ಬೇಸತ್ತು ಎದುರಾಳಿ ಪದಾತಿಯನ್ನೇ ಆ ಸಾಲಿಗೆ ನೂಕಿದ ಕ್ಷಣ, ಆನೆ ಬೋರ್ಡಿನ ಆ ತುದಿಗೆ ಓಡಬೇಕು. ಅಲ್ಲಿಂದ ಹಿಂದಿನಿಂದ ಚೆಕ್ ಮೇಲೆ ಚೆಕ್. ಪದಾತಿ ಮುಂದೆ ಹೋಗಿಬಿಟ್ಟಿರುವುದರಿಂದ ಎದುರಾಳಿಯ ರಾಜನಿಗೆ ಅದರ ಮರೆಯಲ್ಲಿ ಅಡಗುವ ಜಾಗ ಇರುವುದಿಲ್ಲ. ಆಟ ಡ್ರಾ.

ಕೇಳಲು ಸುಲಭ. ಆದರೆ ನಾಲ್ಕು ಗಂಟೆ ಕೂತು ಬೆವತ ಮೇಲೆ, ಅನುಭವಿ ಎದುರಾಳಿ ಇಪ್ಪತ್ತು ನಡೆ ಸುಮ್ಮನೆ ಆನೆ ಆಡಿಸಿ ಪರೀಕ್ಷಿಸುವಾಗ ಕೈ ತಡೆಯುವುದಿಲ್ಲ. ಏನಾದರೂ ಮಾಡೋಣ ಎಂದು ಅವಸರಪಟ್ಟು ಆನೆಯನ್ನು ಮೊದಲೇ ಹಿಂದಕ್ಕೆ ಒಯ್ದರೆ ಎದುರಾಳಿಯ ರಾಜ ಮುಂದೆ ಬಂದುಬಿಡುತ್ತಾನೆ. ನಮ್ಮವಳು ಅವಸರಪಡಲಿಲ್ಲ. ಪದಾತಿ ಮುಂದೆ ಬಂತು, ಆನೆ ಓಡಿತು, ಚೆಕ್ ಕೊಟ್ಟಿತು. 97ನೇ ನಡೆಯಲ್ಲಿ ಎದುರಾಳಿ ಕೈ ಚಾಚಿ ಡ್ರಾ ಕೇಳಿದರು. "ಚೆನ್ನಾಗಿ ಆಡಿದೆ" ಎಂದು ಹಿಂದಿಯಲ್ಲಿ ಹೇಳಿದರಂತೆ. ಅರ್ಧ ಅಂಕ. ಲೆಕ್ಕ ಹಾಕಿದರೆ ಆ ಒಂದು ಆಟದಿಂದ ಅವಳ ರೇಟಿಂಗಿಗೆ ಸೇರಿದ್ದು ಹನ್ನೆರಡು ಚಿಲ್ಲರೆ. ಅವಳು ಆ ಚಾಂಪಿಯನ್‌ಶಿಪ್‌ನಲ್ಲಿ ಪಟ್ಟಿಯ ನಡುವೆ ಎಲ್ಲೋ ಮುಗಿಸಿದಳು, ಬಹುಮಾನ ಬರಲಿಲ್ಲ. ಆ 97 ನಡೆಯ ಕಾಗದವನ್ನು ಮಾತ್ರ ನಾನು ಎತ್ತಿಟ್ಟಿದ್ದೇನೆ. ಮೊದಲ ಇಪ್ಪತ್ತು ನಡೆಯ ಅಕ್ಷರ ಮುತ್ತಿನಂತಿದೆ, ಕೊನೆಯ ಇಪ್ಪತ್ತು ಅವಳಿಗೇ ಓದಲು ಬರುವುದಿಲ್ಲ.

ವಾಪಸು ಬರುವ ರೈಲಿನಲ್ಲಿ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕ ನಡೆಯಿತು. ರಾಷ್ಟ್ರೀಯ ಮಹಿಳಾ ಚೆಸ್ ಶುರುವಾದದ್ದು ಬೆಂಗಳೂರಿನಲ್ಲಿ. ಆದರೆ ಈ ಇಪ್ಪತ್ತು ವರ್ಷಗಳಲ್ಲಿ ಪದವಿ ಗೆದ್ದವರನ್ನು ನೋಡಿ: ದೆಹಲಿಯ ತಾನಿಯಾ ಸಚ್‌ದೇವ್, ಕೋಲ್ಕತ್ತದ ಮೇರಿ ಆ್ಯನ್ ಗೋಮ್ಸ್, 2014ರಿಂದ 2017ರವರೆಗೆ ಸತತ ನಾಲ್ಕು ಸಲ ಗೆದ್ದ ಒಡಿಶಾದ ಪದ್ಮಿನಿ ರೌತ್, ಗೋವಾದ ಭಕ್ತಿ ಕುಲಕರ್ಣಿ, ನಾಗಪುರದ ದಿವ್ಯಾ. ಪುಟ್ಟ ಗೋವಾ ಇದೆ, ಕರ್ನಾಟಕ ಇಲ್ಲ. ನಮ್ಮಲ್ಲಿ ಪ್ರತಿಭೆ ಇಲ್ಲವೆಂದಲ್ಲ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರ ಹಿಂದೆಯೇ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಹುಡುಗಿಯರಲ್ಲಿ ರಾಜ್ಯದ ಮೊದಲ ವುಮನ್ ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಂಡವಳು ಬೆಳ್ತಂಗಡಿಯ ಈಶಾ ಶರ್ಮ, ಅದೂ ವೈದ್ಯಕೀಯ ಓದಿನ ಜೊತೆಜೊತೆಗೆ. ರಾಜಧಾನಿಯ ಇಷ್ಟೊಂದು ಕೋಚಿಂಗ್ ಕೇಂದ್ರಗಳ ನಡುವಿನಿಂದಲ್ಲ, ಘಟ್ಟದ ಬುಡದ ಊರಿನಿಂದ.

ಬೆಂಗಳೂರಿನ ಹುಡುಗಿಯರು ಎಲ್ಲಿ ಕಾಣೆಯಾಗುತ್ತಾರೆ ಎನ್ನುವುದನ್ನು ನಾನು ಕುರ್ಚಿಯಲ್ಲಿ ಕೂತೇ ನೋಡಿದ್ದೇನೆ. ಏಳು ವರ್ಷದೊಳಗಿನವರ ಟೂರ್ನಮೆಂಟಿಗೆ ಹೋದರೆ ಹುಡುಗಿಯರು ಕಿಕ್ಕಿರಿದಿರುತ್ತಾರೆ. ಹದಿಮೂರರ ಗುಂಪಿಗೆ ಬರುವಷ್ಟರಲ್ಲಿ ಸಾಲು ಸಣ್ಣದಾಗುತ್ತದೆ. ಹದಿನೈದರ ಹೊತ್ತಿಗೆ ಹಳೆಯ ಮುಖಗಳನ್ನು ಹುಡುಕಬೇಕು. ವಿಚಾರಿಸಿದರೆ ಉತ್ತರ ಒಂದೇ: "ಈ ವರ್ಷ ಟೆಂತ್ ಅಲ್ವಾ ಆಂಟಿ, ಬಿಡಿಸಿದ್ದೀವಿ." ಬಿಡಿಸಿದ್ದೀವಿ ಎನ್ನುವ ಆ ಮಾತಿನಲ್ಲಿ ಹುಡುಗಿ ಇಲ್ಲವೇ ಇಲ್ಲ. ಹುಡುಗನಾದರೆ "ಪರೀಕ್ಷೆ ಮುಗಿದ ಮೇಲೆ ಆಡ್ತಾನೆ" ಎನ್ನುತ್ತಾರೆ, ಅವನು ಆಡುತ್ತಾನೆ ಕೂಡ. ಅವನು ಹದಿನಾರಕ್ಕೆ ಒಬ್ಬನೇ ರಾತ್ರಿ ಬಸ್ಸು ಹತ್ತಿ ಹೊರಡಬಲ್ಲ. ಇವಳ ಜೊತೆಗೆ ಒಬ್ಬರು ಹೋಗಲೇಬೇಕು: ಇಬ್ಬರ ಟಿಕೆಟ್ಟು, ಹನ್ನೆರಡು ದಿನದ ಲಾಡ್ಜು, ಜೊತೆಗೆ ಬಂದವರ ರಜೆ. ಮೆದುಳಿನ ಲೆಕ್ಕ ಎಲ್ಲೂ ಬರುವುದಿಲ್ಲ. ಜೊತೆಗೆ ಯಾರು ಹೋಗುತ್ತಾರೆ ಎಂಬಲ್ಲಿಗೆ ಆಟ ನಿಲ್ಲುತ್ತದೆ. ನಾನು ನಿವೃತ್ತಳಾಗಿರದಿದ್ದರೆ ನಮ್ಮವಳೂ ಬಿಡಿಸಿದವರ ಪಟ್ಟಿಗೆ ಎಂದೋ ಸೇರುತ್ತಿದ್ದಳು.

ಹಂಪಿ 2017ರಲ್ಲಿ ತಾಯಿಯಾದರು, ಸುಮಾರು ಎರಡು ವರ್ಷ ಆಟದಿಂದ ದೂರ ಇದ್ದರು. 2019ರ ಕೊನೆಗೆ ವಿಶ್ವ ರ್‍ಯಾಪಿಡ್ ಚಾಂಪಿಯನ್ ಆಗಿ ಮರಳಿದರು. 2024ರಲ್ಲಿ ಅದನ್ನೇ ಮತ್ತೊಮ್ಮೆ ಗೆದ್ದರು.  ಎರಡು ವರ್ಷ ಬಿಟ್ಟವರು ವಿಶ್ವ ಚಾಂಪಿಯನ್ ಆಗಿ ಬರಬಹುದಾದರೆ, ಒಂದು ವರ್ಷ ವಾರಕ್ಕೆ ಎರಡು ಸಂಜೆ ಆಡಿದ ಹುಡುಗಿಯ ಎಸ್ಸೆಸ್ಸೆಲ್ಸಿ ಕೆಟ್ಟುಹೋಗುವುದಿಲ್ಲ.

ಅಂಜನಾಪುರದ ನೆರೆಹೊರೆಯವರಲ್ಲಿ ನನ್ನದೊಂದು ಕೇಳಿಕೆ ಇದೆ. ನಮ್ಮ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ, ಅವುಗಳ ಕ್ಲಬ್‌ಹೌಸುಗಳು ವಾರದ ದಿನ ಸಂಜೆ ಬೀಗ ಹಾಕಿಕೊಂಡಿರುತ್ತವೆ. ಪಕ್ಕದ ಆವಲಹಳ್ಳಿ, ಗೊಲ್ಲಹಳ್ಳಿಯ ಹುಡುಗಿಯರಿಗೆ ಆಡಲು ಜಾಗ ಇಲ್ಲ. ಸುರುಳಿ ಸುತ್ತುವ ಬೋರ್ಡು, ಪ್ಲಾಸ್ಟಿಕ್ ಕಾಯಿ ಎರಡೂ ಸೇರಿ ಐನೂರು-ಆರುನೂರು ರೂಪಾಯಿಗೆ ಸಿಗುತ್ತವೆ. ವಾರಕ್ಕೊಂದು ಸಂಜೆ ಒಂದು ಬೀಗ ತೆಗೆಯಿರಿ. ಕಲಿಸುವವರು ಸಿಗುತ್ತಾರೆ, ನಮ್ಮ ಹುಡುಗಿಯೇ ಬರುತ್ತೇನೆ ಎಂದಿದ್ದಾಳೆ. ಟೂರ್ನಮೆಂಟಿಗೆ ಹೋಗುವ ದಿನ ಜೊತೆಗೆ ಬರಲು ಮನೆಯಲ್ಲಿ ಯಾರೂ ಇಲ್ಲದ ಹುಡುಗಿಯಿದ್ದರೆ ನನಗೆ ಹೇಳಿ ಕಳಿಸಿ. ಹೊರಗಿನ ಕುರ್ಚಿಯಲ್ಲಿ ನಾನು ಹೇಗೂ ಕೂತಿರುತ್ತೇನೆ.